ಆಂಟಿಕೈನಸ್ ಯಾರ ನೆಂಟ? ಪುಟ್ಟ ಮಾರ್ಸೂಪಿಯಲ್‌ಗಳ ವಂಶವೃಕ್ಷವನ್ನು ಡಿಎನ್‌ಎಯಿಂದ ಕಟ್ಟುವ ಬಗೆ

ಆಸ್ಟ್ರೇಲಿಯಾದ ಹಳದಿ ಪಾದದ ಆಂಟಿಕೈನಸ್ ಫೋಟೊ ತೋರಿಸಿದರೆ ಯಾರಾದರೂ ಇಲಿ ಅಂತಲೇ ಹೇಳುತ್ತಾರೆ. ಚೂಪು ಮೂತಿ, ತೆಳು ಬಾಲ, ಅಂಗೈಯಲ್ಲಿ ಹಿಡಿಸುವ ಮೈ. ದಪ್ಪ ಬಾಲದ ಡನ್ನಾರ್ಟ್ ಕೂಡ ಹಾಗೇ, ಇನ್ನೂ ಚಿಕ್ಕದು, 10ರಿಂದ 20 ಗ್ರಾಂ ತೂಗುತ್ತದೆ. ಈ ಎರಡರ ಪಕ್ಕ ಟಾಸ್ಮೇನಿಯನ್ ಡೆವಿಲ್ ಅನ್ನು ನಿಲ್ಲಿಸಿ. ಕಪ್ಪು ಮೈ, ಮೂಳೆ ಪುಡಿ ಮಾಡುವ ದವಡೆ, ಏಳೆಂಟು ಕೆಜಿ ತೂಕ. ಮೂರೂ ಮಾರ್ಸೂಪಿಯಲ್‌ಗಳು, ಅಂದರೆ ಕಾಂಗರೂ ಸೇರಿದ ಹೊಟ್ಟೆಚೀಲದ ಸಸ್ತನಿಗಳ ಗುಂಪಿನವು. ಈ ಮೂವರಲ್ಲಿ ಹತ್ತಿರದ ನೆಂಟರು ಯಾರು ಅಂತ ಕೇಳಿದರೆ ಕಣ್ಣು ಎರಡು ‘ಇಲಿ’ಗಳನ್ನು ಜೋಡಿ ಮಾಡುತ್ತದೆ. ಡಿಎನ್‌ಎ ಬೇರೆಯೇ ಹೇಳುತ್ತದೆ: ಆಂಟಿಕೈನಸ್‌ಗೆ ಹತ್ತಿರದವನು ಡೆವಿಲ್. ಡನ್ನಾರ್ಟ್ ಇಬ್ಬರಿಗೂ ದೂರದ ಸಂಬಂಧಿ.

ಇದನ್ನು ನಂಬಿ ಅಂತ ನಾನು ಹೇಳುವುದಿಲ್ಲ. ನೀವೇ ಮಾಡಿ ನೋಡಬಹುದು. ಲ್ಯಾಬ್ ಬೇಡ, ದುಡ್ಡು ಬೇಡ. ಒಂದು ಸಾಧಾರಣ ಕಂಪ್ಯೂಟರ್, ಇಂಟರ್‌ನೆಟ್, ಮೂರು ನಾಲ್ಕು ಸಂಜೆ ಸಾಕು. ಬೇಕಾದ ಡಿಎನ್‌ಎ ಸರಣಿಗಳನ್ನು, ಅಂದರೆ ಎ, ಸಿ, ಜಿ, ಟಿ ಅನ್ನುವ ನಾಲ್ಕು ಅಕ್ಷರಗಳ ಸಾಲುಗಳನ್ನು, ವಿಜ್ಞಾನಿಗಳು ಆಗಲೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬೇಕಾದ ಸಾಫ್ಟ್‌ವೇರ್ ಎಲ್ಲವೂ ಉಚಿತ.

ಹೆಜ್ಜೆ 1: ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ

‘ಮಾರ್ಸೂಪಿಯಲ್‌ಗಳ ವಿಕಾಸ’ ಅನ್ನುವುದು ಪ್ರಶ್ನೆ ಅಲ್ಲ, ಅದೊಂದು ಸಮುದ್ರ. ನಮ್ಮ ಪ್ರಶ್ನೆ ಇಷ್ಟೇ: ಆಂಟಿಕೈನಸ್ ಡೆವಿಲ್‌ಗೆ ಹತ್ತಿರವೋ, ಡನ್ನಾರ್ಟ್‌ಗೆ ಹತ್ತಿರವೋ? ಇದನ್ನು ಒಂದು ಕಾಗದದ ಮೇಲೆ ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಿ. ಯಾವ ಪ್ರಾಣಿ ಬೇಕು, ಯಾವ ಜೀನ್ ಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವೂ ಈ ಸಾಲಿನಿಂದಲೇ ತೀರ್ಮಾನವಾಗುತ್ತದೆ.

ಕ್ರೋಮೋಸೋಮ್ ಎಣಿಸಿದರೆ ಆಗಲ್ವಾ ಅಂತ ಕೇಳಬಹುದು. ಈ ಮೂರೂ ಪ್ರಾಣಿಗಳು ಡ್ಯಾಸಿಯೂರಿಡ್ ಕುಟುಂಬದವು. ಈ ಕುಟುಂಬದಲ್ಲಿ ಪುಟ್ಟ ಡನ್ನಾರ್ಟ್‌ಗೂ 14 ಕ್ರೋಮೋಸೋಮ್, ದೊಡ್ಡ ಡೆವಿಲ್‌ಗೂ 14. ನೋಡಲಿಕ್ಕೂ ಒಂದೇ ಥರ. ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ, ಅಕ್ಷರ ಅಕ್ಷರ ಓದಲೇಬೇಕು.

ಹೆಜ್ಜೆ 2: ಪ್ರಾಣಿಗಳನ್ನು ಆರಿಸಿ

ಮೂರೇ ಪ್ರಾಣಿ ಇಟ್ಟುಕೊಂಡು ಮರ ಕಟ್ಟಲು ಆಗುವುದಿಲ್ಲ. ಹನ್ನೆರಡರಿಂದ ಹದಿನೈದು ಇದ್ದರೆ ಚೆನ್ನಾಗಿರುತ್ತದೆ. ನಾನು ಹೀಗೆ ಆರಿಸುತ್ತೇನೆ: ಆಂಟಿಕೈನಸ್‌ಗಳಲ್ಲಿ ಮೂರು ಪ್ರಭೇದ, ಮರ ಹತ್ತುವ ಫ್ಯಾಸ್ಕೊಗೇಲ್ ಒಂದು, ಡೆವಿಲ್, ಒಂದು ಕ್ವಾಲ್, ಮರುಭೂಮಿಯ ಕೊವಾರಿ ಮತ್ತು ಮಲ್ಗರಾ. ಆ ಕಡೆ ಎರಡು ಡನ್ನಾರ್ಟ್, ಒಂದು ನಿಂಗಾಯಿ, ಒಂದು ಪ್ಲಾನಿಗೇಲ್. ಪ್ಲಾನಿಗೇಲ್ ಅಂದರೆ ಚಪ್ಪಟೆ ತಲೆಯ ಪುಟಾಣಿ. ಒಣಗಿದ ಮಣ್ಣಿನ ಬಿರುಕಿನೊಳಗೆ ನುಗ್ಗಿ ಹುಳ ಹಿಡಿಯುತ್ತದೆ. ಉದ್ದ ಬಾಲದ ಪ್ಲಾನಿಗೇಲ್ ಲೋಕದ ಅತಿ ಚಿಕ್ಕ ಮಾರ್ಸೂಪಿಯಲ್‌ಗಳಲ್ಲಿ ಒಂದು, ತೂಕ ಐದು ಗ್ರಾಂ ಆಸುಪಾಸು.

ಸ್ಯೂಡಾಂಟಿಕೈನಸ್ ಅನ್ನೂ ತಪ್ಪದೆ ಸೇರಿಸಿ. ಹೆಸರಿನ ಅರ್ಥವೇ ‘ಸುಳ್ಳು ಆಂಟಿಕೈನಸ್’. ಮೊದಲು ಇದನ್ನೂ ಆಂಟಿಕೈನಸ್ ಅಂತಲೇ ಎಣಿಸಿದ್ದರು, ಯಾಕಂದರೆ ನೋಡಲು ಹಾಗೇ ಇದೆ. ಮರದಲ್ಲಿ ಇದು ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡುವುದೇ ಒಂದು ಖುಷಿ.

ಇನ್ನು ಹೊರಗುಂಪು. ಇದಿಲ್ಲದೆ ಮರಕ್ಕೆ ಬೇರು ಸಿಗುವುದಿಲ್ಲ. ಹೊರಗುಂಪಿನ ಪ್ರಾಣಿ ಕುಟುಂಬದ ಆಚೆಯದು ಅನ್ನುವುದು ಬೇರೆ ಸಾಕ್ಷ್ಯದಿಂದ ಖಚಿತವಾಗಿರಬೇಕು. ಆದರೆ ತೀರಾ ದೂರದ್ದೂ ಆಗಬಾರದು. ಗೆದ್ದಲು ತಿನ್ನುವ ನಂಬ್ಯಾಟ್ ಮತ್ತು ಅಳಿದುಹೋದ ಥೈಲಸಿನ್ ಇದಕ್ಕೆ ಸರಿಯಾದ ಜೋಡಿ. ಥೈಲಸಿನ್ ನಾಯಿಯ ಹಾಗೆ ಕಾಣುತ್ತಿತ್ತು. ದಕ್ಷಿಣ ಅಮೆರಿಕದ ಅಳಿದ ಮಾಂಸಾಹಾರಿಗಳ ನೆಂಟ ಇರಬಹುದೆಂದು ಕೆಲವರು ಅಂದುಕೊಂಡಿದ್ದರು. 1989ರಲ್ಲಿ ಮ್ಯೂಸಿಯಂ ಚರ್ಮದಿಂದ ತೆಗೆದ ಡಿಎನ್‌ಎ ಅದು ಆಸ್ಟ್ರೇಲಿಯಾದ ಡ್ಯಾಸಿಯೂರಿಡ್‌ಗಳ ಕಡೆಯದು ಅಂತ ತೋರಿಸಿತು. ಇವೆರಡರ ಜೊತೆಗೆ ಇನ್ನೊಂದು ಸ್ವಲ್ಪ ದೂರದ್ದು ಬೇಕೆಂದರೆ ಬ್ಯಾಂಡಿಕೂಟ್ ಹಾಕಿ.

ಹೆಜ್ಜೆ 3: ಸರಣಿಗಳನ್ನು ಇಳಿಸಿಕೊಳ್ಳಿ, ಆದರೆ ಹೆಸರನ್ನು ನಂಬಬೇಡಿ

ಮೊದಲ ಜೀನ್ ಆಗಿ ಸೈಟೋಕ್ರೋಮ್ ಬಿ ತೆಗೆದುಕೊಳ್ಳಿ. ಇದು ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) ಜೀನ್, ತಾಯಿಯಿಂದ ಮಾತ್ರ ಬರುತ್ತದೆ, ಬೇಗ ಬದಲಾಗುತ್ತದೆ. ಉದ್ದ ಸುಮಾರು 1,140 ಅಕ್ಷರ. ಹಳೆಯ ಅಧ್ಯಯನಗಳೆಲ್ಲ ಇದನ್ನೇ ಓದಿರುವುದರಿಂದ ಬಹುತೇಕ ಎಲ್ಲ ಪ್ರಭೇದಕ್ಕೂ ಸಿಗುತ್ತದೆ. ಡಿಎನ್‌ಎ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್ ತಾಣದ ನ್ಯೂಕ್ಲಿಯೊಟೈಡ್ ವಿಭಾಗದಲ್ಲಿ ಪ್ರಾಣಿಯ ಲ್ಯಾಟಿನ್ ಹೆಸರು ಮತ್ತು ಜೀನಿನ ಹೆಸರು ಕೊಟ್ಟು ಹುಡುಕಿ. 1,000 ಅಕ್ಷರಕ್ಕಿಂತ ಚಿಕ್ಕ ತುಣುಕುಗಳನ್ನು ಬಿಡಿ. ಆರಿಸಿದ್ದನ್ನು ಫಾಸ್ಟಾ ಅನ್ನುವ ಸರಳ ಪಠ್ಯ ರೂಪದಲ್ಲಿ ಇಳಿಸಿಕೊಂಡು ಒಂದೇ ಫೈಲಿಗೆ ಸೇರಿಸಿ. ಪ್ರತಿ ಸರಣಿಯ ಪ್ರವೇಶ ಸಂಖ್ಯೆಯನ್ನು ಬೇರೆ ಪಟ್ಟಿಯಲ್ಲಿ ಬರೆದಿಡಿ. ಆಮೇಲೆ ಬರೆದರಾಯಿತು ಅಂತ ಬಿಟ್ಟರೆ ಮತ್ತೆ ಹುಡುಕುವುದು ಬಹಳ ಕಷ್ಟ.

ಈಗ ಮುಖ್ಯವಾದ ಮಾತು. ಸರಣಿಯ ಮೇಲಿರುವ ಹೆಸರು ಅದನ್ನು ಸಲ್ಲಿಸಿದ ದಿನದ ತಿಳಿವಳಿಕೆ, ಇವತ್ತಿನದಲ್ಲ. ಆಂಟಿಕೈನಸ್‌ಗಳಲ್ಲಿ ಇದು ಜಾಸ್ತಿ ಕಾಡುತ್ತದೆ. ಮೊದಲು ‘ಸ್ಟುಆರ್ಟಿ’ ಅಂತ ಕರೆಯುತ್ತಿದ್ದ ಕಂದು ಆಂಟಿಕೈನಸ್ ಒಂದೇ ಪ್ರಭೇದ ಆಗಿರಲಿಲ್ಲ. 1998ರಲ್ಲಿ ಅದರಿಂದ ‘ಅಜಿಲಿಸ್’ ಬೇರೆಯಾಯಿತು, 2000ದಲ್ಲಿ ‘ಸಬ್‌ಟ್ರೋಪಿಕಸ್’. ವಿಕ್ಟೋರಿಯಾ ರಾಜ್ಯದಲ್ಲಿ ಸಿಕ್ಕ, ಹಳೆಯ ದಾಖಲೆಯಲ್ಲಿ ಸ್ಟುಆರ್ಟಿ ಅಂತ ಬರೆದ ಪ್ರಾಣಿ ಇವತ್ತಿನ ಲೆಕ್ಕದಲ್ಲಿ ಅಜಿಲಿಸ್. ಕಡುಬಣ್ಣದ ಆಂಟಿಕೈನಸ್ ಕಥೆಯೂ ಇದೇ. ‘ಸ್ವೇನ್ಸೋನಿ’ ಅನ್ನುವ ಹೆಸರು ಈಗ ಟಾಸ್ಮೇನಿಯಾದ್ದಕ್ಕೆ ಮಾತ್ರ. ಮುಖ್ಯಭೂಮಿಯದು 2015ರಿಂದ ‘ಮಿಮೆಟಿಸ್’. ಕ್ವೀನ್ಸ್‌ಲ್ಯಾಂಡ್‌ನ ಕ್ರೂಂಬಿಟ್ ಟಾಪ್ಸ್‌ನ ಬೆಳ್ಳಿತಲೆಯ ಆಂಟಿಕೈನಸ್‌ಗೆ ಹೆಸರು ಬಂದಿದ್ದೇ 2013ರಲ್ಲಿ.

ಹಾಗಾಗಿ ಪ್ರತಿ ದಾಖಲೆಯನ್ನು ತೆರೆದು ಮೂರು ವಿಷಯ ನೋಡಿ: ಪ್ರಾಣಿ ಸಿಕ್ಕ ಜಾಗ, ಮ್ಯೂಸಿಯಂನ ವೌಚರ್ ಸಂಖ್ಯೆ (ಅಲ್ಲಿ ಕಾಪಾಡಿಟ್ಟ ಆ ಪ್ರಾಣಿಯ ಗುರುತಿನ ಸಂಖ್ಯೆ), ಸಲ್ಲಿಸಿದ ವರ್ಷ. ಜಾಗ ಇಲ್ಲ, ವೌಚರ್ ಇಲ್ಲ ಅಂದರೆ ಅದನ್ನು ಬಿಟ್ಟು ಬೇರೆ ಹುಡುಕಿ. ಒಂದೇ ಪ್ರಭೇದದ ಎರಡು ಬೇರೆ ಬೇರೆ ಪ್ರಾಣಿಗಳ ಸರಣಿ ಸಿಕ್ಕರೆ ಎರಡನ್ನೂ ಇಟ್ಟುಕೊಳ್ಳಿ. ಮರದಲ್ಲಿ ಅವು ಜೊತೆಯಲ್ಲಿ ಕೂರದಿದ್ದರೆ ಏನೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 4: ಸಾಲು ಹೊಂದಿಸಿ, ಕಣ್ಣಿನಿಂದ ನೋಡಿ

ಸರಣಿಗಳನ್ನು ಒಂದರ ಕೆಳಗೆ ಒಂದು ಸಮನಾಗಿ ಹೊಂದಿಸಬೇಕು. ಒಂದೇ ಕಂಬದಲ್ಲಿ ಬರುವ ಅಕ್ಷರಗಳೆಲ್ಲ ಒಂದೇ ಪೂರ್ವಜ ಅಕ್ಷರದಿಂದ ಬಂದವು ಅಂತ ನಾವು ಹೇಳುತ್ತಿದ್ದೇವೆ, ಅದಕ್ಕೇ ಇಷ್ಟು ಎಚ್ಚರ. ಮ್ಯಾಫ್ಟ್ ಅನ್ನುವ ಪ್ರೋಗ್ರಾಂ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಬಂದ ಫೈಲನ್ನು ಅಲಿವ್ಯೂ ಅಥವಾ ಮೆಗಾದಲ್ಲಿ ತೆರೆಯಿರಿ.

ಈಗ ನಿಧಾನವಾಗಿ ಬಲಕ್ಕೆ ಸರಿಸುತ್ತಾ ಹೋಗಿ. ಎ, ಸಿ, ಜಿ, ಟಿ ನಾಲ್ಕು ಬಣ್ಣದಲ್ಲಿ ಕಾಣುತ್ತವೆ. ಮೊದಲ ಮೂರು ಅಕ್ಷರ ಎಲ್ಲರಲ್ಲೂ ಎಟಿಜಿ, ಅಲ್ಲಿಂದ ಪ್ರೋಟೀನ್ ಶುರು. ಸ್ವಲ್ಪ ಹೊತ್ತು ನೋಡಿದರೆ ಒಂದು ಲಯ ಕಣ್ಣಿಗೆ ಬೀಳುತ್ತದೆ. ಎರಡು ಕಂಬ ಹೆಚ್ಚುಕಮ್ಮಿ ಒಂದೇ ಬಣ್ಣ, ಮೂರನೆಯದು ಕಲಬೆರಕೆ. ಮತ್ತೆ ಎರಡು ಒಂದೇ ಬಣ್ಣ, ಮೂರನೆಯದು ಕಲಬೆರಕೆ. ಕಾರಣ ಸರಳ. ಸಿಟಿಎ, ಸಿಟಿಜಿ, ಸಿಟಿಟಿ, ಸಿಟಿಸಿ ನಾಲ್ಕೂ ಲ್ಯೂಸಿನ್ ಅನ್ನುವ ಒಂದೇ ಅಮೈನೋ ಆಮ್ಲ ಕೊಡುತ್ತವೆ. ಮೂರನೆಯ ಅಕ್ಷರ ಬದಲಾದರೂ ಪ್ರಾಣಿಗೆ ನಷ್ಟವಿಲ್ಲ, ಆದ್ದರಿಂದ ಅದು ಬದಲಾಗುತ್ತಲೇ ಇರುತ್ತದೆ. ವಿಕಾಸ ಅನ್ನುವುದನ್ನು ಇಷ್ಟು ಹತ್ತಿರದಿಂದ ನೋಡಬಹುದಾದ ಜಾಗ ಬೇರೆ ಇಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈ ಲಯ ಯಾವುದಾದರೂ ಒಂದು ಸಾಲಿನಲ್ಲಿ ಮುರಿದಿದ್ದರೆ ಅನುಮಾನಪಡಿ. ಮೈಟೊಕಾಂಡ್ರಿಯದ ತುಣುಕುಗಳು ಆಗಾಗ ಕೋಶಕೇಂದ್ರದ ಡಿಎನ್‌ಎ ಒಳಗೆ ನಕಲಾಗಿ ಸೇರಿಕೊಂಡಿರುತ್ತವೆ. ಇವಕ್ಕೆ ನಮ್ಟ್ ಅಂತ ಹೆಸರು. ಕೆಲಸ ಮಾಡದ ನಕಲು ಆದ್ದರಿಂದ ಅದರಲ್ಲಿ ಮನಸ್ಸಿಗೆ ಬಂದಲ್ಲಿ ಬದಲಾವಣೆ ಆಗುತ್ತದೆ, ನಡುವೆಯೇ ‘ನಿಲ್ಲು’ ಸಂಕೇತ ಬರುತ್ತದೆ. ಅಂಥ ಸರಣಿ ಮರವನ್ನು ಹಾಳು ಮಾಡುತ್ತದೆ. ಪರೀಕ್ಷಿಸಲು ಸರಣಿಯನ್ನು ಪ್ರೋಟೀನ್‌ಗೆ ಅನುವಾದಿಸಿ ನೋಡಿ.

ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ಅನುವಾದಿಸಿದಾಗ ಎಲ್ಲ ಸಾಲಿನಲ್ಲೂ ‘ನಿಲ್ಲು’ ಚಿಹ್ನೆಗಳು ತುಂಬಿಕೊಂಡವು. ಎಲ್ಲವೂ ನಮ್ಟ್ ಅಂದುಕೊಂಡು ಒಂದು ವಾರದ ಕೆಲಸ ಅಳಿಸಿಹಾಕಿದೆ. ತಪ್ಪು ಸರಣಿಗಳದ್ದಾಗಿರಲಿಲ್ಲ. ಟಿಜಿಎ ಅನ್ನುವುದು ಕೋಶಕೇಂದ್ರದಲ್ಲಿ ‘ನಿಲ್ಲು’, ಆದರೆ ಮೈಟೊಕಾಂಡ್ರಿಯದಲ್ಲಿ ಟ್ರಿಪ್ಟೊಫಾನ್. ಸಾಫ್ಟ್‌ವೇರಿನಲ್ಲಿ ‘ಕಶೇರುಕಗಳ ಮೈಟೊಕಾಂಡ್ರಿಯ ಸಂಕೇತ’ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಮೊದಲು ಒತ್ತಿ, ಆಮೇಲೆ ತೀರ್ಪು ಕೊಡಿ.

ಹೆಜ್ಜೆ 5: ಮರ ಕಟ್ಟಿ

ಈ ಕೆಲಸಕ್ಕೆ ಐಕ್ಯೂ-ಟ್ರೀ ಬಳಸಿ. ಕಮಾಂಡ್ ಬರೆಯಲು ಹೆದರಿಕೆ ಇದ್ದರೆ ಅದರ ವೆಬ್ ರೂಪ ಇದೆ, ಫೈಲ್ ಹಾಕಿ ಬಟನ್ ಒತ್ತಿದರೆ ಆಯಿತು. ಎರಡು ಆಯ್ಕೆ ಗಮನಿಸಿ.

ಒಂದು, ಮಾದರಿ. ಯಾವ ಅಕ್ಷರ ಯಾವುದಾಗಿ ಎಷ್ಟು ಸುಲಭವಾಗಿ ಬದಲಾಗುತ್ತದೆ ಅನ್ನುವ ಲೆಕ್ಕಕ್ಕೆ ಮಾದರಿ ಅನ್ನುತ್ತಾರೆ. ಪ್ರೋಗ್ರಾಂ ತಾನೇ ಹತ್ತಾರು ಮಾದರಿ ಹೋಲಿಸಿ ಸರಿಯಾದ್ದನ್ನು ಆರಿಸಲಿ, ನೀವು ತಲೆ ಹಾಕಬೇಡಿ. ಆದರೆ ಒಂದು ಉಪಕಾರ ಮಾಡಿ: ಮೊದಲ, ಎರಡನೆಯ, ಮೂರನೆಯ ಅಕ್ಷರದ ಕಂಬಗಳನ್ನು ಮೂರು ಬೇರೆ ಗುಂಪು ಅಂತ ಹೇಳಿಕೊಡಿ. ನೀವು ಕಣ್ಣಾರೆ ನೋಡಿದ ಆ ಲಯವನ್ನು ಪ್ರೋಗ್ರಾಂಗೂ ತಿಳಿಸಿದ ಹಾಗೆ.

ಇನ್ನೊಂದು, ಬೂಟ್‌ಸ್ಟ್ರಾಪ್. ಪ್ರೋಗ್ರಾಂ ನಿಮ್ಮ ಕಂಬಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ ಎತ್ತಿ ಹೊಸ ಫೈಲ್ ಮಾಡುತ್ತದೆ. ಕೆಲವು ಕಂಬ ಎರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಪ್ರತಿ ಹೊಸ ಫೈಲಿಗೂ ಒಂದು ಮರ. ಇಂಥ 1,000 ಸುತ್ತು ಮಾಡಿಸಿ. ಒಂದು ಕವಲು ನೂರರಲ್ಲಿ ಎಷ್ಟು ಸಲ ಮತ್ತೆ ಬಂತು ಅನ್ನುವುದೇ ಆ ಕವಲಿನ ಅಂಕ. ಐಕ್ಯೂ-ಟ್ರೀಯ ವೇಗದ ಬೂಟ್‌ಸ್ಟ್ರಾಪ್‌ನಲ್ಲಿ 95 ದಾಟಿದರೆ ನಂಬಬಹುದು. ಹಳೆಯ ಬಗೆಯ ಬೂಟ್‌ಸ್ಟ್ರಾಪ್‌ನಲ್ಲಿ 70ರ ಮೇಲಿದ್ದರೆ ಪರವಾಗಿಲ್ಲ ಅನ್ನುತ್ತಾರೆ. ಎರಡನ್ನೂ ಬೆರೆಸಬೇಡಿ.

ಹೆಜ್ಜೆ 6: ಮರವನ್ನು ಓದಿ

ಮರ ತೋರಿಸುವ ಪ್ರೋಗ್ರಾಂ ಫಿಗ್‌ಟ್ರೀಯಲ್ಲಿ ಫೈಲ್ ತೆರೆದು, ಮೊದಲು ಹೊರಗುಂಪಿನ ಮೇಲೆ ಒತ್ತಿ ಬೇರು ಕೊಡಿ. ಬೇರು ಕೊಡದ ಮರವನ್ನು ಓದಿದರೆ ತಪ್ಪು ಅರ್ಥವಾಗುವುದು ಖಂಡಿತ. ತುದಿಯಲ್ಲಿ ಯಾರ ಪಕ್ಕ ಯಾರ ಹೆಸರಿದೆ ಅನ್ನುವುದಕ್ಕೆ ಅರ್ಥವಿಲ್ಲ, ಕವಲನ್ನು ಗಿರ್ರನೆ ತಿರುಗಿಸಿದರೂ ಮರ ಅದೇ. ಎರಡು ಹೆಸರಿನಿಂದ ಬೇರಿನ ಕಡೆ ನಡೆಯುತ್ತಾ ಹೋಗಿ. ಅವು ಎಲ್ಲಿ ಕೂಡುತ್ತವೆ ಅನ್ನುವುದೇ ನೆಂಟಸ್ತಿಕೆ.

ಆಂಟಿಕೈನಸ್‌ನಿಂದ ಹೊರಡಿ. ಮೊದಲು ಫ್ಯಾಸ್ಕೊಗೇಲ್ ಸಿಗಬೇಕು. ಇನ್ನೂ ಒಳಗೆ ಹೋದರೆ ಡೆವಿಲ್, ಕ್ವಾಲ್, ಕೊವಾರಿ, ಮಲ್ಗರಾಗಳ ಗುಂಪು. ಆ ಸುಳ್ಳು ಆಂಟಿಕೈನಸ್ ಇರುವುದೂ ಆ ಗುಂಪಿನಲ್ಲೇ, ನಿಜವಾದ ಆಂಟಿಕೈನಸ್ ಜೊತೆ ಅಲ್ಲ. ಅದಕ್ಕೂ ಆಚೆ ಡನ್ನಾರ್ಟ್, ನಿಂಗಾಯಿ, ಪ್ಲಾನಿಗೇಲ್‌ಗಳ ಕೊಂಬೆ. ಈ ಒಂದು ಜೀನಿನಲ್ಲಿ ಒಳಗಿನ ಕೆಲವು ಕವಲುಗಳ ಅಂಕ ಕಡಿಮೆ ಬರಬಹುದು, ಕೊಂಬೆಯೊಂದು ಜಾಗ ಬದಲಿಸಿರಬಹುದು. ಗಾಬರಿಯಾಗಬೇಡಿ. ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 7: ಇನ್ನೊಂದು ಜೀನನ್ನು ಕೇಳಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀವು ಕಟ್ಟಿದ್ದು ಸೈಟೋಕ್ರೋಮ್ ಬಿಯ ಮರ. ಪ್ರಾಣಿಯ ಮರ ಇನ್ನೂ ಆಗಿಲ್ಲ.

ಮೈಟೊಕಾಂಡ್ರಿಯ ದೊಡ್ಡ ದೊಡ್ಡವರನ್ನೂ ದಾರಿ ತಪ್ಪಿಸಿದೆ. 1990ರ ದಶಕದಲ್ಲಿ ಪೂರ್ತಿ ಮೈಟೊಕಾಂಡ್ರಿಯ ಓದಿದ ಅಧ್ಯಯನಗಳು ಮಾರ್ಸೂಪಿಯಲ್‌ಗಳನ್ನು ಮೊಟ್ಟೆಯಿಡುವ ಪ್ಲಾಟಿಪಸ್ ಜೊತೆ ಜೋಡಿಸಿದವು. ಆಮೇಲೆ ಕೋಶಕೇಂದ್ರದ ಜೀನ್‌ಗಳನ್ನು ಓದಿದಾಗ ಅದು ನಿಲ್ಲಲಿಲ್ಲ. ಮಾರ್ಸೂಪಿಯಲ್‌ಗಳ ಹತ್ತಿರದ ನೆಂಟರು ನಮ್ಮಂಥ ಮಾಸುಳ್ಳ ಸಸ್ತನಿಗಳೇ.

ಸಾಲಿನಲ್ಲಿ ತಪ್ಪೇ ಇಲ್ಲದಿದ್ದರೂ ಜೀನ್ ಬೇರೆ ಕಥೆ ಹೇಳಬಹುದು. ಒಂದು ಮನೆಯನ್ನು ಯೋಚಿಸಿ. ಅಜ್ಜಿಯ ಮೂಗು ಒಬ್ಬ ಮೊಮ್ಮಗಳಿಗೆ ಬರುತ್ತದೆ, ಅವಳ ಒಡಹುಟ್ಟಿದ ತಮ್ಮನಿಗೆ ಬರುವುದಿಲ್ಲ, ಚಿಕ್ಕಪ್ಪನ ಮಗನಿಗೆ ಬರುತ್ತದೆ. ಮೂಗು ನೋಡಿ ಅಕ್ಕ ತಮ್ಮ ಯಾರು ಅಂತ ಹೇಳಲು ಹೋದರೆ ಎಡವುತ್ತೀರಿ. ಪ್ರಭೇದಗಳು ಬೇಗ ಬೇಗ ಕವಲೊಡೆದಾಗ ಹಳೆಯ ಜೀನ್ ರೂಪಗಳು ಹೀಗೇ ಅಡ್ಡಾದಿಡ್ಡಿಯಾಗಿ ಹಂಚಿಹೋಗುತ್ತವೆ.

ಇದರ ಅತಿ ದೊಡ್ಡ ಉದಾಹರಣೆ ಚಿಲಿ ಮತ್ತು ಅರ್ಜೆಂಟೀನಾದ ತಂಪು ಕಾಡಿನ ಮೊನಿಟೊ ಡೆಲ್ ಮೊಂಟೆ. ಇಲಿಯಷ್ಟೇ ದೊಡ್ಡದು, ದಕ್ಷಿಣ ಅಮೆರಿಕದಲ್ಲೇ ಇರುವುದು, ಆದರೆ ಆಸ್ಟ್ರೇಲಿಯಾದ ಮಾರ್ಸೂಪಿಯಲ್‌ಗಳ ನೆಂಟ. 2022ರಲ್ಲಿ ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದವರು, ಅದು ಇಡೀ ಆಸ್ಟ್ರೇಲಿಯಾದ ಗುಂಪಿಗೆ ಪಕ್ಕದ ಕೊಂಬೆ ಅಂತ ತೋರಿಸಿದರು. ಹಾಗಿದ್ದರೂ ಜೀನೋಮಿನ ಶೇ. 31ಕ್ಕಿಂತ ಹೆಚ್ಚು ಭಾಗ ಕಾಂಗರೂ ಮತ್ತು ಪೋಸಮ್‌ಗಳ ಗುಂಪಿಗೇ ಹತ್ತಿರ ಇದೆ. ಆ ಭಾಗದಿಂದ ಒಂದು ಜೀನ್ ಆರಿಸಿಕೊಂಡಿದ್ದರೆ ನಮಗೆ ಗಟ್ಟಿಯಾದ, ಆದರೆ ತಪ್ಪಾದ ಮರ ಸಿಗುತ್ತಿತ್ತು.

ಆದ್ದರಿಂದ ಕೋಶಕೇಂದ್ರದ ರ‍್ಯಾಗ್-1 ಮತ್ತು ಐಆರ್‌ಬಿಪಿ ಜೀನ್‌ಗಳನ್ನು ಅದೇ ಪ್ರಾಣಿಗಳಿಗೆ ಹುಡುಕಿ. ಇವು ನಿಧಾನವಾಗಿ ಬದಲಾಗುತ್ತವೆ, ಹಳೆಯ ಕವಲುಗಳಿಗೆ ಒಳ್ಳೆಯವು. 3ರಿಂದ 6ರವರೆಗಿನ ಹೆಜ್ಜೆಗಳನ್ನು ಮತ್ತೆ ಮಾಡಿ, ಈ ಸಲ ಸಾಮಾನ್ಯ ಜೀನ್ ಸಂಕೇತ ಬಳಸಿ. ಮೂರು ಮರಗಳನ್ನು ಪಕ್ಕಪಕ್ಕ ಇಡಿ. ಸುಮ್ನೆ ಎಲ್ಲವನ್ನೂ ಒಂದೇ ಫೈಲಿಗೆ ಅಂಟಿಸಿ ಒಂದು ಮರ ತೆಗೆಯುವ ಮೊದಲು, ಯಾವ ಕವಲಿನಲ್ಲಿ ಮೂವರೂ ಒಪ್ಪುತ್ತಾರೆ, ಎಲ್ಲಿ ಜಗಳ ಇದೆ ಅಂತ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ.

ಜೀನೋಮ್ ಇರುವ ಪ್ರಾಣಿಗಳಿಗೆ ಇನ್ನೊಂದು ಸೊಗಸಾದ ದಾರಿ ಇದೆ, ರೆಟ್ರೊಪೋಸಾನ್. ಇವು ತಮ್ಮನ್ನು ತಾವೇ ನಕಲು ಮಾಡಿಕೊಂಡು ಜೀನೋಮಿನ ಬೇರೆ ಬೇರೆ ಕಡೆ ಅಂಟಿಕೊಳ್ಳುವ ತುಣುಕುಗಳು. ಎರಡು ಪ್ರಾಣಿಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಅದೇ ತುಣುಕು ಇದ್ದರೆ, ಅದು ಪೂರ್ವಜನಿಂದ ಬಂದದ್ದು ಅನ್ನಲು ಬಲವಾದ ಸಾಕ್ಷಿ. 2010ರ ಒಂದು ಅಧ್ಯಯನ ಇಂಥ 53 ಗುರುತುಗಳಿಂದಲೇ ಮಾರ್ಸೂಪಿಯಲ್ ಗಣಗಳ ಮರ ಕಟ್ಟಿತು.

ಹೆಜ್ಜೆ 8: ಕಾಲ ಹಾಕುವುದಿದ್ದರೆ

ಬೀಸ್ಟ್ ಅನ್ನುವ ಪ್ರೋಗ್ರಾಂ ಕವಲುಗಳಿಗೆ ವಯಸ್ಸು ಕೊಡುತ್ತದೆ. ಆದರೆ ಡಿಎನ್‌ಎಗೆ ಕ್ಯಾಲೆಂಡರ್ ಗೊತ್ತಿಲ್ಲ, ಅದನ್ನು ಪಳೆಯುಳಿಕೆ ಹೇಳಿಕೊಡಬೇಕು. ಕ್ವೀನ್ಸ್‌ಲ್ಯಾಂಡ್‌ನ ರಿವರ್ಸ್‌ಲೀಯಲ್ಲಿ ಥೈಲಸಿನ್ ಕುಟುಂಬದ ಬ್ಯಾಡ್ಜಿಸಿನಸ್ ಸಿಕ್ಕಿದೆ, ವಯಸ್ಸು ಸುಮಾರು 2.3 ಕೋಟಿ ವರ್ಷ ಅಥವಾ ಇನ್ನೂ ಜಾಸ್ತಿ. ಅಂದರೆ ಥೈಲಸಿನ್ ಕವಲು ಅಷ್ಟರೊಳಗೆ ಬೇರೆಯಾಗಿತ್ತು. ಇದು ಕನಿಷ್ಠ ವಯಸ್ಸು ಮಾತ್ರ. ಇದನ್ನೇ ನಿಜವಾದ ವಯಸ್ಸು ಅಂತ ತುಂಬಿದರೆ ಇಡೀ ಮರ ಎಳೆಯದಾಗಿಬಿಡುತ್ತದೆ. ಜೀನೋಮ್ ಲೆಕ್ಕಗಳು ಆ ಕವಲನ್ನು 3.5ರಿಂದ 4 ಕೋಟಿ ವರ್ಷದ ಹಿಂದೆ ಇಡುತ್ತವೆ. ಡ್ಯಾಸಿಯೂರಿಡ್‌ಗಳು ಹೆಚ್ಚಾಗಿ ಕವಲೊಡೆದದ್ದು ಆಮೇಲೆ, ಮಯೋಸೀನ್ ಕಾಲದಲ್ಲಿ, ಖಂಡ ಒಣಗುತ್ತಾ ಬಂದಂತೆ.

ಒಂದು ಕಿವಿಮಾತು: ಮೊದಲು ಸರಣಿ ಇಲ್ಲದೆ, ಬರೀ ಪಳೆಯುಳಿಕೆಯ ಮಾಹಿತಿ ಇಟ್ಟು ಬೀಸ್ಟ್ ಓಡಿಸಿ. ಸರಣಿ ಸೇರಿಸಿದ ಮೇಲೂ ಅದೇ ವಯಸ್ಸು ಬಂದರೆ, ಮಾತಾಡುತ್ತಿರುವುದು ನಿಮ್ಮ ಊಹೆ, ಡಿಎನ್‌ಎ ಅಲ್ಲ.

ನಿಮ್ಮದೇ ಮಾದರಿ ಸಿಗುವ ಹಾಗಿದ್ದರೆ

ಅನುಮತಿ ಇಲ್ಲದೆ ಈ ಪ್ರಾಣಿಗಳನ್ನು ಹಿಡಿಯಲೇಬಾರದು. ಅನುಮತಿ ಇರುವ ತಂಡದ ಜೊತೆ ಸೇರಿದರೆ, ಅಲ್ಯೂಮಿನಿಯಂ ಎಲಿಯಟ್ ಬೋನಿನಲ್ಲಿ ಸಿಕ್ಕ ಪ್ರಾಣಿಯ ಕಿವಿಯಂಚಿನಿಂದ ಒಂದೆರಡು ಮಿಲಿಮೀಟರ್ ಚರ್ಮ ತೆಗೆದು ಗಾಢ ಎಥನಾಲ್‌ನಲ್ಲಿ ಹಾಕಿದರೆ ಸಾಕು. ಆಂಟಿಕೈನಸ್ ಆದರೆ ತಿಂಗಳನ್ನು ಲೆಕ್ಕ ಹಾಕಿಕೊಂಡು ಹೋಗಿ. ಕೂಡುವ ಕಾಲ ಮುಗಿದ ಕೆಲವೇ ವಾರಗಳಲ್ಲಿ ಗಂಡುಗಳೆಲ್ಲ ಸತ್ತುಹೋಗುತ್ತವೆ, ಆಮೇಲೆ ಸಿಗುವುದು ಹೆಣ್ಣುಗಳು ಮಾತ್ರ.

2018ರಲ್ಲಿ ಪ್ರಕಟವಾದ ಥೈಲಸಿನ್ ಜೀನೋಮ್ ಬಂದದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲ ಆಲ್ಕೊಹಾಲ್ ಜಾಡಿಯಲ್ಲಿದ್ದ ಒಂದು ಮರಿಯಿಂದ. ಆ ಮರಿಯನ್ನು ಜಾಡಿಯಲ್ಲಿ ಇಟ್ಟವರಿಗೆ ಡಿಎನ್‌ಎಯ ರಚನೆ ಕೂಡ ಗೊತ್ತಿರಲಿಲ್ಲ. ನಿಮ್ಮ ಸೀಸೆಯ ಒಳಗೊಂದು, ಹೊರಗೊಂದು ಚೀಟಿ ಇರಲಿ. ಪೆನ್ನು ಬೇಡ, ಪೆನ್ಸಿಲ್‌ನಲ್ಲಿ ಬರೆಯಿರಿ, ಎಥನಾಲ್ ಶಾಯಿಯನ್ನು ಕರಗಿಸುತ್ತದೆ. ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಗಂಡೋ ಹೆಣ್ಣೋ, ಮ್ಯೂಸಿಯಂ ಸಂಖ್ಯೆ. ಸರಣಿಯನ್ನು ಜೆನ್‌ಬ್ಯಾಂಕ್‌ಗೆ ಸಲ್ಲಿಸುವಾಗ ಇದೆಲ್ಲವನ್ನೂ ಅದರ ಜೊತೆಗೆ ಹಾಕಿ. ನಾಳೆ ಆ ಪ್ರಭೇದದ ಹೆಸರು ಬದಲಾದರೂ, ಅದು ಯಾವ ಪ್ರಾಣಿ ಅಂತ ಮುಂದೆ ಬರುವವರು ಆ ಚೀಟಿ ನೋಡಿ ಕಂಡುಹಿಡಿಯಬಲ್ಲರು.